ಇನ್ನೂರ ನಲವತ್ತನೆಯ ಪಾಳಿ

ವಿಲೆಟ್ಟಾ ಪ್ರಾಯರ್ ಎರಡು ವಾರದಿಂದ ಹೊಟ್ಟೆಯೊಳಗೊಂದು ಗುಟ್ಟನ್ನು ಇಟ್ಟುಕೊಂಡು ಬಸ್ ಓಡಿಸುತ್ತಿದ್ದಳು. ಕೆಂಪು ದೀಪಕ್ಕೆ ನಿಂತಾಗಲೆಲ್ಲ ಅದು ಒಳಗಿನಿಂದ ಕಚಗುಳಿ ಇಡುತ್ತಿತ್ತು. ಇವಳು ಒಬ್ಬಳೇ ನಗುತ್ತಿದ್ದಳು. ಮುಂದಿನ ಸೀಟಿನ ಮುದುಕಿಯರು ‘ಈ ವಯಸ್ಸಿನಲ್ಲಿ ಯಾರೋ ಸಿಕ್ಕಿರಬೇಕು’ ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು.

ಸಿಕ್ಕಿದ್ದು ಗಂಡಸಲ್ಲ, ಕಾಲೇಜು. ವಯಸ್ಸು ನಲವತ್ತಾರು. ಪಿಟ್ಸ್‌ಬರ್ಗಿನ ಗುಡ್ಡಗಳ ಮೇಲೆ ಹದಿನೇಳು ವರ್ಷ ಬಸ್ ಹತ್ತಿಸಿ ಇಳಿಸಿದ ಮೇಲೆ, ಭೂವಿಜ್ಞಾನದ ಮೊದಲ ತರಗತಿಯ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಸೋಮವಾರ, ಬುಧವಾರ, ಬೆಳಿಗ್ಗೆ ಹತ್ತೂವರೆಗೆ. ಆಗಸ್ಟ್ ಕೊನೆಯ ವಾರದಿಂದ ಶುರು.

ಇದಕ್ಕೆಲ್ಲ ಮೂಲ ಗ್ರೀವ್ ರಸ್ತೆಯ ತಿರುವು. ಆ ಗುಡ್ಡವನ್ನು ದಿನಕ್ಕೆ ಒಂಬತ್ತು ಸಲ ಹತ್ತುವವಳಿಗೆ ಅದರ ಮೈ ಗೊತ್ತಿರುವುದಿಲ್ಲವೇ? ತಿರುವಿನ ಮನೆಯ ಜಗುಲಿಗೂ ಮೆಟ್ಟಿಲಿಗೂ ನಡುವೆ ಬೆರಳಗಲ ಇದ್ದ ಬಿರುಕು ಏಪ್ರಿಲ್‌ನಲ್ಲಿ ಅಂಗೈಯಗಲವಾಯಿತು. ಲೈಟ್ ಕಂಬ ಕುಡಿದವನ ಹಾಗೆ ಒಂದು ಕಡೆ ವಾಲಿತು. ಒಂದು ಮಧ್ಯಾಹ್ನ ವಿಲೆಟ್ಟಾ ತಿರುವಿನ ಕೆಳಗೇ ಬಸ್ ನಿಲ್ಲಿಸಿ, “ನಾನು ಮೇಲಕ್ಕೆ ಹೋಗಲ್ಲ, ಈ ಗುಡ್ಡ ನಡೀತಾ ಇದೆ” ಎಂದು ರೇಡಿಯೋದಲ್ಲಿ ಹೇಳಿದಳು. ಮೇಲ್ವಿಚಾರಕರು ಬಂದು ನೋಡಿ ಬಸ್ಸನ್ನು ಬೇರೆ ದಾರಿಗೆ ತಿರುಗಿಸಿದರು. ಮೂರನೆಯ ದಿನ ಬೆಳಗಿನ ಜಾವ ಅರ್ಧ ರಸ್ತೆ ಕುಸಿದು ಕೆಳಗಿನ ಕಾಡು ಸೇರಿತು. ಒಂದು ನಾಯಿಗೂ ಗಾಯವಾಗಲಿಲ್ಲ.

ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡ ಎಂಜಿನಿಯರ್ ಹೆಂಗಸೊಬ್ಬಳು ಇವಳನ್ನು ಹುಡುಕಿಕೊಂಡು ಬಂದು, “ನಿಮಗೆ ಹೇಗೆ ಗೊತ್ತಾಯ್ತು? ಎಲ್ಲಿ ಓದಿದ್ದು ನೀವು?” ಎಂದು ಕೇಳಿದಳು.

“ನಲವತ್ತನೇ ನಂಬರ್ ಬಸ್ಸಲ್ಲಿ,” ಎಂದಳು ವಿಲೆಟ್ಟಾ.

ಆಕೆ ನಗಲಿಲ್ಲ. ಪಾಳಿಯ ಚೀಟಿಯ ಹಿಂದೆ ತರಗತಿಯ ಹೆಸರು ಬರೆದುಕೊಟ್ಟಳು. “ಇದೊಂದು ಓದಿ ನೋಡಿ. ವರ್ಷಕ್ಕೊಂದೇ ಸಲ ಶುರುವಾಗುತ್ತೆ” ಎಂದಳು. ಆ ಚೀಟಿ ನಾಲ್ಕು ತಿಂಗಳಿಂದ ವಿಲೆಟ್ಟಾಳ ಪರ್ಸಿನಲ್ಲಿತ್ತು.

ಹಾಗೆ ನೋಡಿದರೆ ಕಾಲೇಜಿನ ಆಸೆ ಏಪ್ರಿಲ್‌ನಲ್ಲಿ ಹುಟ್ಟಿದ್ದೇನಲ್ಲ, ಅದಕ್ಕೆ ಆರು ವರ್ಷ. ಮತ್ತೆ ಇಷ್ಟು ದಿನ ಏನು ಮಾಡುತ್ತಿದ್ದಳು ಎಂದರೆ, ಕಾಯುತ್ತಿದ್ದಳು. ಬಸ್ ಡ್ರೈವರಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ಡಿಪೋದಲ್ಲಿ ವರ್ಷಕ್ಕೆ ನಾಲ್ಕು ಸಲ ಯೂನಿಯನ್ ಕೋಣೆಯ ಗೋಡೆಗೆ ಉದ್ದನೆಯ ಹಲಗೆ ಏರುತ್ತದೆ. ಮುಂದಿನ ಮೂರು ತಿಂಗಳ ಪಾಳಿಗಳೆಲ್ಲ ಅದರ ಮೇಲಿರುತ್ತವೆ. ಮೊದಲು ಕೆಲಸಕ್ಕೆ ಸೇರಿದವರು ಮೊದಲು ಆರಿಸುತ್ತಾರೆ, ನಿನ್ನೆ ಬಂದವನು ಕೊನೆಗೆ, ತಟ್ಟೆಯಲ್ಲಿ ಉಳಿದದ್ದನ್ನು. ಒಬ್ಬೊಬ್ಬರಿಗೆ ಐದು ನಿಮಿಷ. ಹೊಸಬಳಾಗಿದ್ದಾಗ ವಿಲೆಟ್ಟಾ ಹಲಗೆಯ ಮುಂದೆ ನಿಂತರೆ ಉಳಿದಿರುತ್ತಿದ್ದದ್ದು ನಡುರಾತ್ರಿಯ ಪಾಳಿ ಮತ್ತು ಕ್ರಿಸ್‌ಮಸ್ ದಿನದ ಡ್ಯೂಟಿ. ಯಾರಾದರೂ ನಿವೃತ್ತರಾದರೆ ಒಂದು ಮೆಟ್ಟಿಲು ಮೇಲೆ. ತಾಳಿದವನು ಬಾಳಿಯಾನು ಎನ್ನುವುದನ್ನು ಬೇರೆಯವರು ಗಾದೆ ಎಂದುಕೊಂಡರೆ ಡಿಪೋದವರು ಅದನ್ನು ಕಾನೂನು ಎಂದುಕೊಂಡಿದ್ದರು.

ಆ ಕಾನೂನನ್ನು ಇವಳು ಕಾಲೇಜಿಗೂ ಹಚ್ಚಿಬಿಟ್ಟಿದ್ದಳು. ಅಲ್ಲೂ ಎಲ್ಲೋ ಒಂದು ಹಲಗೆ ಇದೆ, ತನ್ನ ಸರದಿ ಬಂದಾಗ ಕರೆಯುತ್ತಾರೆ ಎಂಬ ಭ್ರಮೆ. ಈ ಸಲ ಬೇಡ, ಮುಂದಿನ ಆಯ್ಕೆ ಆಗಲಿ ಎಂದು ವರ್ಷಕ್ಕೆ ನಾಲ್ಕರಂತೆ ಇಪ್ಪತ್ತನಾಲ್ಕು ಸಲ ಮುಂದೂಡಿದ್ದಳು. ಜುಲೈನಲ್ಲಿ ಕೊನೆಗೂ ಧೈರ್ಯ ಮಾಡಿ ಕಾಲೇಜಿನ ಕಚೇರಿಗೆ ಹೋದವಳು ಕೇಳಿದ ಮೊದಲ ಪ್ರಶ್ನೆಯೇ, “ನನ್ನ ನಂಬರ್ ಎಷ್ಟು? ನನ್ನ ಮುಂದೆ ಎಷ್ಟು ಜನ ಇದಾರೆ?”

ಕಿಟಕಿಯ ಹಿಂದಿದ್ದ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. “ಯಾರೂ ಇಲ್ಲ ಮೇಡಂ. ನೀವು ಬಂದ್ರಲ್ಲ, ಅಷ್ಟೇ.”

ವಿಲೆಟ್ಟಾ ಹೆಸರು ಬರೆಸಿ, ಕೆಳಗಿಳಿದು ಬಂದು ಕಾರಿನಲ್ಲಿ ಕೂತಳು. ಆರು ವರ್ಷ ಇಲ್ಲದ ಸಾಲಿನಲ್ಲಿ ನಿಂತಿದ್ದೆನಲ್ಲ ಎಂದು ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಆ ನಗುವೇ ಇನ್ನೂ ನಿಂತಿರಲಿಲ್ಲ.

ಆದರೆ ವಿಧಿಗೂ ಒಂದು ಕುಚೋದ್ಯ ಇರುತ್ತದೆ. ಇದೇ ಆಗಸ್ಟ್‌ನಲ್ಲಿ ಹಳೆಯ ಡ್ರೈವರೊಬ್ಬರು ನಿವೃತ್ತರಾಗಿ, ಡಿಪೋದವರೆಲ್ಲ ಜೊಲ್ಲು ಸುರಿಸುವ ಇನ್ನೂರ ನಾಲ್ಕನೆಯ ಪಾಳಿ ಖಾಲಿಯಾಯಿತು. ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡೂಮುಕ್ಕಾಲರವರೆಗೆ ಒಂದೇ ಉಸಿರಿನ ಕೆಲಸ, ಶನಿವಾರ ಭಾನುವಾರ ರಜಾ. ಪಟ್ಟಿಯಲ್ಲಿ ಮೂವತ್ತೆಂಟನೆಯವಳಾದ ವಿಲೆಟ್ಟಾಳ ಸರದಿಗೆ ಅದು ಸಿಗುವುದು ಖಚಿತವಾಗಿತ್ತು. ಹದಿನೇಳು ವರ್ಷ ಕಾದದ್ದು ಇದಕ್ಕೇ. ಅದನ್ನು ಹಿಡಿದರೆ ಹತ್ತೂವರೆಯ ತರಗತಿಗೆ ನಮಸ್ಕಾರ.

ತರಗತಿಗೆ ಹೊಂದುವುದು ಇನ್ನೂರ ನಲವತ್ತನೆಯದು, ಸೀಳು ಪಾಳಿ. ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಶುರುವಾಗಿ ಒಂಬತ್ತೂವರೆಗೆ ಬಿಡುವು, ಮತ್ತೆ ಎರಡೂವರೆಯಿಂದ ಸಂಜೆ ಏಳರವರೆಗೆ. ಭಾನುವಾರವೂ ಕೆಲಸ. ನಿನ್ನೆ ಮೊನ್ನೆ ಬಂದವರ ಪಾಲಿಗೆ ಬೀಳುವಂಥದ್ದು. ನಡುವಿನ ಐದು ಗಂಟೆ ಡಿಪೋದ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುವುದೇ ಅದರ ಸುಖ.

ಭಾನುವಾರ ಎಂದರೆ ಅಕ್ಕ ರೋಜೆಲ್ ನೆನಪಾಗಬೇಕು. ಇವಳಿಗಿಂತ ಆರು ವರ್ಷ ದೊಡ್ಡವಳು, ಪಕ್ಕದ ಮನೆಯವಳು, ಚರ್ಚಿನ ಹಾಡುಗಾರರ ತಂಡದ ಮುಖ್ಯಸ್ಥೆ, ಬಾಯಿ ಬಿಟ್ಟರೆ ಬೀದಿಯ ತುದಿಗೆ ಕೇಳಿಸುವವಳು. ವಿಲೆಟ್ಟಾ ಕೆಲಸಕ್ಕೆ ಸೇರಿದಂದು ತಂಡ ಬಿಟ್ಟವಳು ಮತ್ತೆ ಹಾಡಿರಲಿಲ್ಲ. ಇನ್ನೂರ ನಾಲ್ಕು ಖಾಲಿಯಾದ ಸುದ್ದಿ ಕೇಳಿದ್ದೇ ರೋಜೆಲ್ ತಂಗಿಗೆಂದು ತಂಡದವರು ಹಾಡುವಾಗ ಹಾಕಿಕೊಳ್ಳುವ ನೇರಳೆ ಬಣ್ಣದ ಗೌನು ಹೊಲಿಸಿಬಿಟ್ಟಿದ್ದಳು.

“ಎರಡನೇ ಸಾಲು, ಎಡಗಡೆ, ಹದಿನೇಳು ವರ್ಷದಿಂದ ಆ ಜಾಗಕ್ಕೆ ಯಾರನ್ನೂ ನಿಲ್ಲಿಸಿಲ್ಲ ಕಣೇ,” ಎಂದಳು, ಬೇಯಿಸಿದ ಸೊಪ್ಪು ತಂಗಿಯ ತಟ್ಟೆಗೆ ಸುರಿಯುತ್ತಾ. “ನಿನ್ನ ಗಂಟಲು ತುಕ್ಕು ಹಿಡಿದಿರುತ್ತೆ. ಪರವಾಗಿಲ್ಲ, ನಾನು ಉಜ್ಜಿ ಸರಿಮಾಡ್ತೀನಿ.”

ವಿಲೆಟ್ಟಾ ಸೊಪ್ಪು ನುಂಗಿದಳು, ಮಾತನ್ನೂ ನುಂಗಿದಳು.

ಯಾರಿಗೂ ಹೇಳದಿರಲು ಕಾರಣ ನಾಚಿಕೆ. ಹೇಳಿದ ಮೇಲೆ ಹೋಗಲಾಗದಿದ್ದರೆ? ಹೋದಮೇಲೆ ಓದು ತಲೆಗೆ ಹತ್ತದಿದ್ದರೆ? ಡಿಪೋದವರ ಬಾಯಿಗೆ ಬಿದ್ದರೆ ನಿವೃತ್ತಿಯವರೆಗೆ ‘ಪ್ರೊಫೆಸರ್’ ಎಂದು ಕರೆಸಿಕೊಳ್ಳಬೇಕು.

ಆಯ್ಕೆಯ ದಿನ ಅವಳ ಸರದಿ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಬಂತು, ಆ ಹೊತ್ತಿಗೆ ಅವಳು ಗುಡ್ಡದ ಮೇಲೆ ಬಸ್ಸಿನಲ್ಲಿರುತ್ತಾಳೆ. ಹಾಗಾದಾಗ ನಂಬಿಕಸ್ತರ ಕೈಗೆ ಚೀಟಿ ಬರೆದುಕೊಟ್ಟು ಹೋಗುವುದು ರೂಢಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಅಡುಗೆಮನೆಯಲ್ಲಿ ನಿಂತು ‘240’ ಎಂದು ಬರೆದಳು. ಬರೆದ ಮೇಲೆ ಯಾರೂ ಇಲ್ಲದ ಅಡುಗೆಮನೆಯಲ್ಲಿ ಎರಡು ಹೆಜ್ಜೆ ಕುಣಿದಳು. ಚೀಟಿಯನ್ನು ಮಿಸ್ಟರ್ ಓಟಿಸ್ ಕೈಗೆ ಕೊಟ್ಟಳು.

ಮಿಸ್ಟರ್ ಓಟಿಸ್‌ಗೆ ಮೂವತ್ತೊಂದು ವರ್ಷದ ಸೇವೆ, ಪಟ್ಟಿಯಲ್ಲಿ ನಾಲ್ಕನೆಯ ಹೆಸರು. ಇವಳಿಗೆ ಬಸ್ ಓಡಿಸಲು ಕಲಿಸಿದ ಗುರು. ತನ್ನ ಪಾಳಿಯನ್ನು ಬೆಳಿಗ್ಗೆಯೇ ಆರಿಸಿ, ಉಳಿದ ದಿನವೆಲ್ಲ ಹಲಗೆಯ ಎದುರು ಕೂತು, ಕಡಲೆಕಾಯಿ ಸುಲಿಯುತ್ತಾ ಬೇರೆಯವರ ಭಾಗ್ಯ ನೋಡುವುದು ಅವನ ವಾರ್ಷಿಕ ಹಬ್ಬ, ವರ್ಷಕ್ಕೆ ನಾಲ್ಕು ಸಲ ಬರುವ ವಾರ್ಷಿಕ ಹಬ್ಬ.

ಹನ್ನೆರಡೂ ಹತ್ತಕ್ಕೆ ವಿಲೆಟ್ಟಾ ಡಿಪೋಗೆ ಬಂದಾಗ ಮೇಜಿನ ಮೇಲೆ ಗೆಣಸಿನ ಕಡುಬು ಇತ್ತು, ಸುತ್ತ ಚಪ್ಪಾಳೆ.

“ಇನ್ನೂರ ನಾಲ್ಕು!” ಮಿಸ್ಟರ್ ಓಟಿಸ್ ಎರಡೂ ಕೈ ಮೇಲೆತ್ತಿದ. “ಮಗಳೇ, ಇವತ್ತು ನಾನಿಲ್ದೇ ಇದ್ದಿದ್ರೆ ನಿನ್ನ ಕಥೆ ಮುಗೀತಿತ್ತು. ಏನು ಬರೆದಿದ್ದೆ ಗೊತ್ತಾ? ಸೊನ್ನೆ ಹಿಂದೆ ಮುಂದೆ ಮಾಡಿ ಇನ್ನೂರ ನಲವತ್ತು ಅಂತ ಗೀಚಿದ್ದೆ! ಸೀಳು ಪಾಳಿ! ನಾನು ನೋಡ್ದೆ, ಅಯ್ಯೋ ಪಾಪ, ಖುಷೀಲಿ ಕೈ ತಪ್ಪಿದೆ ಅಂತ ಪೆನ್ ತಗೊಂಡು ಸರಿಮಾಡಿ ಕೊಟ್ಟೆ.”

ಅವನನ್ನು ಬೈಯುವ ಹಾಗಿಲ್ಲ. ಹದಿನೇಳು ವರ್ಷ ಸೇವೆಯಾದವಳು ತಾನಾಗಿ ಸೀಳು ಪಾಳಿ ಕೇಳುತ್ತಾಳೆ ಎಂದರೆ ಆ ಕಟ್ಟಡದಲ್ಲಿ ಯಾವ ಪ್ರಾಣಿಯೂ ನಂಬುತ್ತಿರಲಿಲ್ಲ.

ವಿಲೆಟ್ಟಾ ಕುರ್ಚಿಯಲ್ಲಿ ಕೂತಳು. ಮೊದಲು ಅನ್ನಿಸಿದ್ದೇನು ಗೊತ್ತೆ? ನಿರಾಳ. ನಿಜ ಹೇಳಬೇಕು, ನಿರಾಳವೇ ಅನ್ನಿಸಿತು. ತಪ್ಪು ತನ್ನದಲ್ಲ. ದೇವರೇ ಕೈ ಹಿಡಿದು ತಿರುಗಿಸಿದ ಹಾಗಾಯಿತು. ಗೌನು ಇದೆ, ಭಾನುವಾರ ಇದೆ, ಮುಂದಿನ ವರ್ಷವೂ ಇದ್ದೇ ಇರುತ್ತದೆ. ಯಾರೋ ಕಡುಬಿನ ತುಂಡು ಕೈಗಿಟ್ಟರು. ಒಂದು ತುತ್ತು ತಿಂದಳು.

ಆಗ ಒಳಗೆ ಏನೋ ನಿಂತುಹೋಯಿತು. ಎರಡು ವಾರದ ಕಚಗುಳಿ ಇರಲಿಲ್ಲ. ಅಷ್ಟು ಜನರ ಗದ್ದಲದ ನಡುವೆ ತನ್ನ ಹೊಟ್ಟೆಯೊಳಗಿನ ಆ ಮೌನ ಅವಳಿಗೆ ಸಹಿಸಲಾಗಲಿಲ್ಲ. ಅಳು ಬರುವಷ್ಟು ದುಃಖವಾಯಿತು, ಅದೂ ಎಲ್ಲರೂ ಬಯಸುವ ಪಾಳಿ ಕೈಯಲ್ಲಿ ಹಿಡಿದುಕೊಂಡು.

ಕಡುಬನ್ನು ಕೆಳಗಿಟ್ಟಳು. “ಮಿಸ್ಟರ್ ಓಟಿಸ್, ನಾನು ತಪ್ಪು ಬರೆದಿರಲಿಲ್ಲ.”

“ಏನಂದೆ?”

“ಇನ್ನೂರ ನಲವತ್ತೇ ಬೇಕಿತ್ತು ನನಗೆ.”

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಹಲಗೆಯ ಪಕ್ಕದ ಮೇಜಿನ ಹಿಂದಿನಿಂದ ಮಿಸ್ ಎಸ್ತರ್ ಕನ್ನಡಕ ಕೆಳಗಿಳಿಸಿ ನೋಡಿದರು. ಇಪ್ಪತ್ತೆರಡು ವರ್ಷದಿಂದ ಯೂನಿಯನ್ ಪರವಾಗಿ ಆ ಹಲಗೆ ಕಾಯುವವರು. ಡಿಪೋದಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಅವರನ್ನು ಕರೆಯುವುದು ಬಹುವಚನದಲ್ಲೇ.

“ಒಳ್ಳೇ ಪಾಳಿ ವಾಪಸ್ ಕೊಡೋಕೆ ಬಂದವರನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ,” ಎಂದು ನಿಯಮದ ಪುಸ್ತಕ ತೆರೆದರು. ಹುಡುಕಿ ಹುಡುಕಿ ಒಂದು ಪುಟದಲ್ಲಿ ಬೆರಳಿಟ್ಟರು. “ಇದೆ. ನಿನ್ನ ನಂತರ ಆರಿಸಿದವರೆಲ್ಲ ಒಪ್ಪಿ ಸಹಿ ಹಾಕಬೇಕು. ಎಂಟು ಜನ ಆಗಿದಾರೆ, ಇನ್ನೂರ ನಲವತ್ತನ್ನ ಇನ್ನೂ ಯಾರೂ ಮುಟ್ಟಿಲ್ಲ. ಊಟದ ಬಿಡುವು ಮುಗಿದು ಒಂದು ಗಂಟೆಗೆ ಮುಂದಿನವನು ಆರಿಸಿದ್ರೆ ಆಮೇಲೆ ನನ್ನ ಕೈಲಿ ಏನೂ ಇಲ್ಲ. ಕಾರಣ ಬರೀಬೇಕು, ಅರ್ಜೀನ ಎಲ್ಲರ ಮುಂದೆ ಓದಿ ಹೇಳಬೇಕು. ಕಾರಣ ಏನು?”

ಇಪ್ಪತ್ತು ಜನ ಇವಳನ್ನೇ ನೋಡುತ್ತಿದ್ದರು. ವಿಲೆಟ್ಟಾಗೆ ಕಿವಿ ಬಿಸಿಯಾಯಿತು.

“ಕಾಲೇಜು.”

“ಯಾರಿಗೆ?” ಎಂದ ಹಿಂದಿನಿಂದ ಒಬ್ಬ. “ನಿನಗೆ ಮಕ್ಕಳೇ ಇಲ್ವಲ್ಲ.”

“ನನಗೆ. ನಾನು ಓದೋಕೆ ಹೋಗ್ತಿದೀನಿ. ಕಲ್ಲು, ಮಣ್ಣು, ಗುಡ್ಡ ಯಾಕೆ ಜಾರುತ್ತೆ ಅದನ್ನ. ಸೋಮವಾರ, ಬುಧವಾರ, ಹತ್ತೂವರೆಗೆ.” ಒಂದು ಸಲ ಬಾಯಿಂದ ಹೊರಬಿದ್ದದ್ದೇ ತಡ, ಹೊಟ್ಟೆಯೊಳಗಿನ ಎಂಜಿನ್ ಮತ್ತೆ ಶುರುವಾಯಿತು. “ಯಾವತ್ತು ಮುಗಿಯುತ್ತೋ ಗೊತ್ತಿಲ್ಲ. ಆದ್ರೆ ಯಾವತ್ತು ಶುರು ಅಂತ ಗೊತ್ತು!”

“ಪ್ರೊಫೆಸರ್!” ಎಂದು ಕೂಗಿದ ಅದೇ ಮಹಾಶಯ. ಅವಳು ಹೆದರಿದ್ದ ಮಾತು ಬಂದೇ ಬಂತು, ಬಂದಮೇಲೆ ನೋಡಿದರೆ ಅದರಲ್ಲಿ ಹಲ್ಲೇ ಇರಲಿಲ್ಲ. ಕೋಣೆಯಲ್ಲಿ ಶಿಳ್ಳೆ, ಮೇಜು ಬಡಿತ. ಎಂಟರಲ್ಲಿ ಐವರು ಅಲ್ಲೇ ಇದ್ದರು, ನೂಕಾಡಿಕೊಂಡು ಸಹಿ ಹಾಕಿದರು. ಒಬ್ಬರು ಬಿಟ್ಟದ್ದು ಹಿಂದಿನವರಿಗೆ ತಾನೆ ಸಿಗುವುದು, ಅವರಿಗೇನು ನಷ್ಟ!

ಉಳಿದ ಮೂವರು ಬಸ್ ಓಡಿಸುತ್ತಾ ಹೊರಗಿದ್ದರು. ಗಡಿಯಾರ ಹನ್ನೆರಡೂ ಇಪ್ಪತ್ತೈದು.

“ನನ್ನ ಗಾಡಿ ಹತ್ತು,” ಎಂದ ಮಿಸ್ಟರ್ ಓಟಿಸ್, ಮೇಲೇಳುತ್ತಾ. ಅವನ ಮುಖ ಸಣ್ಣಗಾಗಿತ್ತು. “ಕೆಡಿಸಿದವನು ನಾನೇ, ಓಡಿಸೋನೂ ನಾನೇ.”

ನದಿಯ ಪಕ್ಕದ ನಿಲ್ದಾಣದಲ್ಲಿ ಇಬ್ಬರು ಡ್ರೈವರುಗಳು ಒಟ್ಟಿಗೇ ಸಿಕ್ಕಿದರು, ಬಸ್ಸಿಗೆ ಒರಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಕಾಗದಕ್ಕೆ ಸಾಸಿವೆಯ ಕಲೆಯ ಸಮೇತ ಸಹಿ ಬಂತು. ಉಳಿದವಳು ಡೆಲ್ಫೀನ್. ಪಟ್ಟಿಯಲ್ಲಿ ವಿಲೆಟ್ಟಾಳ ನಂತರದ ಹೆಸರು. ಇವಳು ಇನ್ನೂರ ನಾಲ್ಕನ್ನು ಬಿಟ್ಟುಕೊಟ್ಟರೆ ಅದು ಸಿಗುವುದು ಅವಳಿಗೇ. ಆಸ್ಪತ್ರೆಯ ಸ್ಟಾಪಿನಲ್ಲಿ ಹನ್ನೆರಡೂ ನಲವತ್ತಕ್ಕೆ ಅವಳ ಬಸ್ ಬಂದು ನಿಂತಿತು. ಪ್ರಯಾಣಿಕರ ನಡುವೆ ನುಗ್ಗಿ ವಿಲೆಟ್ಟಾ ಕಾಗದ ಚಾಚಿದಳು, ಮೂರೇ ಮಾತಿನಲ್ಲಿ ವಿಷಯ ಹೇಳಿದಳು.

ಡೆಲ್ಫೀನ್ ಪೆನ್ ತೆಗೆದುಕೊಂಡಳು, ಸಹಿ ಹಾಕಲಿಲ್ಲ. “ಅಕ್ಕಾ, ನನಗೆ ಈ ಪಾಳಿ ಸಿಕ್ಕಿದ್ರೆ ಶನಿವಾರ ನನ್ನ ಅವಳಿಗಳ ಫುಟ್‌ಬಾಲ್ ಆಟ ನೋಡಬಹುದು. ನನಗೆ ಆಸೆ ಇದೆ. ಅದಕ್ಕೇ ಕೇಳ್ತೀನಿ, ಆಮೇಲೆ ನನ್ನ ಬೈಕೋಬಾರ್ದು. ಈ ಮೂರು ತಿಂಗಳು ನೀನೇ ಸುಖ ಪಡು, ಮುಂದಿನ ಸಲ ಕಾಲೇಜು ನೋಡ್ಕೊಂಡ್ರೆ ಆಗಲ್ವಾ?”

“ಮುಂದಿನ ಸಲ ಅಂತ ಇಪ್ಪತ್ತನಾಲ್ಕು ಸಲ ಅಂದಿದೀನಿ ಡೆಲ್ಫೀನ್. ಇಪ್ಪತ್ತೈದನೇದು ಅಂದ್ರೆ ನನಗೆ ನಾನೇ ಮುಖ ತೋರ್ಸೋಕಾಗಲ್ಲ. ಹಾಕೇ ಸಹಿ, ನಿನ್ನ ಮಕ್ಕಳ ಆಟ ನೋಡು!”

ಡೆಲ್ಫೀನ್ ಸ್ಟಿಯರಿಂಗ್ ಮೇಲೇ ಕಾಗದವಿಟ್ಟು ಸಹಿ ಹಾಕಿದಳು. ಮುಂದಿನ ಸೀಟಿನಲ್ಲಿ ಊರುಗೋಲು ಹಿಡಿದಿದ್ದ ಅಜ್ಜ, ಏನೂ ಅರ್ಥವಾಗದಿದ್ದರೂ, ಚಪ್ಪಾಳೆ ತಟ್ಟಿದ.

ಹನ್ನೆರಡೂ ನಲವತ್ತಾರು. ಮಿಸ್ಟರ್ ಓಟಿಸ್ ತನ್ನ ಹಳೆಯ ಪಿಕಪ್ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟುಕೊಂಡು ಬಂದ. ಡಿಪೋಗೆ ಇನ್ನು ಒಂದೂವರೆ ಮೈಲಿ ಇರುವಾಗ ಹಳೆಯ ಉಕ್ಕಿನ ಕಾರ್ಖಾನೆಯ ರೈಲು ಹಳಿ ಅಡ್ಡ ಬಂತು. ಆ ಹಳಿಯ ಮೇಲೆ ವಾರಕ್ಕೊಂದು ಗೂಡ್ಸ್ ಹೋದರೆ ಹೆಚ್ಚು. ಹಿಂದೆ ಮುಂದೆ ಕಾರುಗಳು ಸುಯ್ ಎಂದು ದಾಟುತ್ತಿದ್ದವು. ಮಿಸ್ಟರ್ ಓಟಿಸ್ ಗಾಡಿ ನಿಲ್ಲಿಸಿದ. ಬಾಗಿಲು ತೆರೆದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಿವಿಗೊಟ್ಟು ಕೇಳಿದ. ಬಸ್ ಡ್ರೈವರಿಗೆ ಅದು ನಿಯಮ. ಮೂವತ್ತೊಂದು ವರ್ಷದಲ್ಲಿ ಅದು ಅವನ ಮೂಳೆಗೆ ಇಳಿದಿತ್ತು. ಹಿಂದಿನ ಕಾರುಗಳು ಹಾರ್ನ್ ಹೊಡೆದು ಬೈದವು.

ಇನ್ನೂ ತಮಾಷೆಯೆಂದರೆ ವಿಲೆಟ್ಟಾ ಕೂಡ ತನ್ನ ಕಡೆಯ ಬಾಗಿಲು ತೆರೆದು ಕಿವಿಗೊಟ್ಟಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಬಿದ್ದು ಬಿದ್ದು ನಕ್ಕರು. ನಗುತ್ತಲೇ ಮಿಸ್ಟರ್ ಓಟಿಸ್ ಹಳಿ ದಾಟಿದ.

“ಒಂದು ಮಾತು ನನಗೆ ಹೇಳಬೇಕಿತ್ತು ಮಗಳೇ,” ಎಂದ ಆಮೇಲೆ, ಕಣ್ಣೊರೆಸಿಕೊಂಡು. “ಗೊತ್ತಿದ್ರೆ ನಾನು ಪೆನ್ ಮುಟ್ಟುತ್ತಿದ್ನಾ?”

“ನಗ್ತೀರಿ ಅಂದ್ಕೊಂಡೆ.”

“ನಗ್ತಿದ್ದೆ. ನಕ್ಕು ಇನ್ನೂರ ನಲವತ್ತೇ ಹಾಕ್ಸಿ ಬರ್ತಿದ್ದೆ.”

ಒಂದಕ್ಕೆ ಮೂರು ನಿಮಿಷ ಇರುವಾಗ ಅರ್ಜಿ ಮಿಸ್ ಎಸ್ತರ್ ಮೇಜಿನ ಮೇಲೆ ಬಿತ್ತು. ಅವರು ಎಂಟು ಸಹಿಗಳನ್ನೂ ಎಣಿಸಿದರು, ಸಾಸಿವೆಯ ಕಲೆಯನ್ನು ಮೂಸಿ ನೋಡಿ ಮುಖ ಸಿಂಡರಿಸಿದರು, ಹಲಗೆಯ ಮೇಲಿದ್ದ ವಿಲೆಟ್ಟಾಳ ಹೆಸರಿನ ಚೀಟಿಯನ್ನು ಕಿತ್ತು ಇನ್ನೂರ ನಲವತ್ತರ ಎದುರು ಅಂಟಿಸಿದರು. “ಹೋಗು, ಓದು,” ಎಂದರು. ಅಷ್ಟೇ ಅಂದದ್ದು.

ಕಷ್ಟದ ಪರೀಕ್ಷೆ ಸಂಜೆಯದು. ರೋಜೆಲ್ ಎಲ್ಲವನ್ನೂ ಕೇಳಿಸಿಕೊಂಡಳು, ಅವಳ ಮಟ್ಟಿಗೆ ಅದೇ ಒಂದು ಪವಾಡ. ಬಾಗಿಲ ಹಿಂದೆ ಗೌನು ತೂಗಾಡುತ್ತಿತ್ತು.

“ಅಂದ್ರೆ ಭಾನುವಾರ ಇಲ್ಲ,” ಎಂದಳು ಕೊನೆಗೆ.

“ಸದ್ಯಕ್ಕಿಲ್ಲ ಅಕ್ಕಾ. ತಪ್ಪಾಯ್ತು.”

“ತಪ್ಪಾಯ್ತಂತೆ! ಸೊಪ್ಪು ತಿಂದು ಸುಮ್ಮನೆ ಕೂತಿದ್ಯಲ್ಲ ಕಳ್ಳಿ, ಅದು ತಪ್ಪು. ಅಕ್ಕನ ಹತ್ರ ಗುಟ್ಟು!” ರೋಜೆಲ್ ಎದ್ದು ಗೌನನ್ನು ಬಾಗಿಲಿನಿಂದ ತೆಗೆದಳು, ಅದರ ತೋಳನ್ನು ಒಂದು ಸಲ ಸವರಿದಳು. ಅವಳಿಗೆ ನೋವಾಗಿತ್ತು, ಅದನ್ನು ಮುಚ್ಚಿಡುವ ಕಲೆ ಅವಳಿಗೆ ಬರುವುದಿಲ್ಲ. “ಕಪಾಟಿನಲ್ಲಿ ಇಡ್ತೀನಿ. ಪದವಿ ತಗೊಳ್ಳೋವಾಗ್ಲೂ ಗೌನು ಬೇಕಲ್ಲ. ಬಣ್ಣ ಯಾವುದಾದ್ರೂ ಇರಲಿ, ನೀನು ಇದನ್ನೇ ಹಾಕ್ಕೋಬೇಕು. ಇದಕ್ಕೆ ನಾನು ಹೊಲಿಗೆಯವಳ ಹತ್ರ ಎಷ್ಟು ಜಗಳ ಆಡಿದೀನಿ ಗೊತ್ತಾ ನಿನಗೆ?”

ಇಬ್ಬರೂ ತಬ್ಬಿಕೊಂಡರು. ಎರಡನೇ ಸಾಲಿನ ಎಡಗಡೆಯ ಜಾಗಕ್ಕೆ ಮುಂದೆಯೂ ಯಾರನ್ನೂ ನಿಲ್ಲಿಸುವುದಿಲ್ಲ ಎಂದು ರೋಜೆಲ್ ಅಲ್ಲೇ ಆಣೆ ಮಾಡಿದಳು.

ಆಗಸ್ಟ್‌ನ ಆ ಸೋಮವಾರ ವಿಲೆಟ್ಟಾ ಐದೂ ಇಪ್ಪತ್ತಕ್ಕೆ ಬಸ್ ಹೊರತೆಗೆದಳು, ಒಂಬತ್ತೂವರೆಗೆ ಡಿಪೋದಲ್ಲಿ ನಿಲ್ಲಿಸಿದಳು, ಹತ್ತೂ ಇಪ್ಪತ್ತಕ್ಕೆ ಸಮವಸ್ತ್ರದಲ್ಲೇ ತರಗತಿಯ ಬಾಗಿಲಿಗೆ ಬಂದಳು. ಒಳಗೆ ಇಪ್ಪತ್ತೈದು ಮೇಜು. ಎಲ್ಲ ಖಾಲಿ. ಹೆಗಲಿನ ಹೊಸ ಚೀಲದಲ್ಲಿ ಹೊಸ ಪುಸ್ತಕದ ವಾಸನೆ.

ಅವಳು ಒಳಗೆ ಹೋಗಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಹುಡುಗರು ಹುಡುಗಿಯರು ಬಂದರು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಕಾಫಿ ಹಿಡಿದುಕೊಂಡು. ಒಬ್ಬೊಬ್ಬರನ್ನೂ “ಹೋಗಪ್ಪಾ, ಹೋಗಮ್ಮಾ” ಎಂದು ಮುಂದೆ ಬಿಟ್ಟಳು. ಇವಳು ಇಲ್ಲಿಗೆ ಹೊಸಬಳಲ್ಲವೆ? ಹೊಸಬರು ಆರಿಸುವುದು ಎಲ್ಲರ ನಂತರ. ಹಿಂದಿನ ಸಾಲು ತುಂಬಿತು, ಕಿಟಕಿಯ ಸಾಲು ತುಂಬಿತು, ನಡುವಿನದೂ ತುಂಬಿತು.

ಕೊನೆಗೆ ಉಳಿದದ್ದು ಒಂದೇ ಕುರ್ಚಿ, ಎಲ್ಲಕ್ಕಿಂತ ಮುಂದಿನ ಸಾಲಿನದು, ಅಧ್ಯಾಪಕರ ಮೂಗಿನ ಕೆಳಗೆ, ಯಾರಿಗೂ ಬೇಡವಾದದ್ದು. ವಿಲೆಟ್ಟಾ ಅದನ್ನು ನೋಡಿ ಗಟ್ಟಿಯಾಗಿ ನಕ್ಕಳು. ಹದಿನೇಳು ವರ್ಷ ಹತ್ತಿದ ಮೆಟ್ಟಿಲುಗಳೆಲ್ಲ ಇಳಿದು ಮತ್ತೆ ಪಟ್ಟಿಯ ಕಟ್ಟಕಡೆಗೆ ಬಂದು ನಿಂತಿದ್ದಳು, ಅವಳಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಹೋಗಿ ಕೂತಳು. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು. ಎದುರಿಗೆ ಯಾರ ತಲೆಯೂ ಅಡ್ಡವಿರಲಿಲ್ಲ, ದೊಡ್ಡ ಕಪ್ಪು ಹಲಗೆ ಪೂರ್ತಿ ಕಾಣುತ್ತಿತ್ತು. ಹಿಂದೆ ಇಪ್ಪತ್ತನಾಲ್ಕು ಜನ. ಅಭ್ಯಾಸಬಲದಿಂದ ಒಂದು ಸಲ ತಿರುಗಿ ನೋಡಿದಳು, ಎಲ್ಲರೂ ಕೂತಿದ್ದಾರೋ ಎಂದು. ಕೂತಿದ್ದರು. ಗಂಟೆ ಹತ್ತೂವರೆ ಆಯಿತು.